ಲೋಡ್ ಲಾರಿ ಎದುರು ಭಾರದ ಕಾರು ಇದ್ದರೆ ಜೀವ ಉಳಿಯುತ್ತದಾ? ತೂಕದ ಲೆಕ್ಕ ಗೊತ್ತಿದ್ದವರು ಹೇಳಿ

ಘಟಪ್ರಭಾ_ದಂಡೆ (ಮುಧೋಳ):

ನಮಸ್ಕಾರ ಎಲ್ಲರಿಗೂ. ಕಾರು ತಗೊಳ್ಳಬೇಕು. ಯಾವುದು ಅಂತ ಮನೆಯಲ್ಲಿ ಜಗಳವೇ ಎದ್ದಿದೆ. ಅವ್ವನ ಚಿಕಿತ್ಸೆಗೆ ವಾರ ವಾರ ಬೆಳಗಾವಿಗೆ ಹೋಗುತ್ತೇವೆ. ಲೋಕಾಪುರ, ಯರಗಟ್ಟಿ, ನೇಸರಗಿ ದಾರಿ. ಹೋಗುವಾಗ ಬೆಳಕಿರುತ್ತದೆ, ವಾಪಸ್ ಬರುವಾಗ ಕತ್ತಲು. ಕಬ್ಬಿನ ಹಂಗಾಮು ಶುರುವಾದ ಮೇಲೆ ಆ ದಾರಿ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಎದುರಿಗೆ ಸಿಮೆಂಟ್ ಲಾರಿ, ಮುಂದೆ ಎರಡು ಡಬ್ಬಿ (ಟ್ರೇಲರ್) ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್, ಹಿಂದೆ ಹಾರ್ನ್ ಒತ್ತುತ್ತಲೇ ಇರುವ ಬಸ್ಸು.

ಅಪ್ಪ ಹೇಳುವುದು ಒಂದೇ ಮಾತು, "ಭಾರ ಇರೋ ಗಾಡಿ ತಗೋ, ಲಾರಿ ಬಡಿದರೂ ಜೀವ ಉಳೀತದ." ತಮ್ಮ ಹೇಳುವುದು, ಯಾವ ಕಾರಾದರೂ ಅಷ್ಟೇ, ಲಾರಿ ಎದುರು ಎಲ್ಲ ಒಂದೇ. 2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ ಕಂಟೇನರ್ ಲಾರಿ ಡಿವೈಡರ್ ದಾಟಿ ಬಂದು ಕಾರಿನ ಮೇಲೆ ಬಿದ್ದು ಒಂದೇ ಮನೆಯ ಆರು ಜನ ತೀರಿಹೋದರಲ್ಲ, ಅದನ್ನೇ ಅವನು ಎತ್ತಿ ಹೇಳುತ್ತಾನೆ. ಅದು ವೋಲ್ವೋ ಎಕ್ಸ್‌ಸಿ90. ಎರಡು ಟನ್ ಮೇಲಿನ ಗಾಡಿ, ಅತೀ ಸುರಕ್ಷಿತ ಅಂತ ಹೆಸರಾದದ್ದು. ಆ ಸುದ್ದಿ ಓದಿದಾಗಿನಿಂದ ನನಗೂ ತಲೆ ಕೆಟ್ಟಿದೆ.

ಇನ್ನೊಂದು ಪ್ರಶ್ನೆ. ಲಾರಿ 28 ಟನ್ ಇದ್ದು ಬಡಿದರೂ ಸಾವೇ, 40 ಟನ್ ಇದ್ದು ಬಡಿದರೂ ಸಾವೇ ಅಲ್ವಾ? ಹಾಗಿದ್ದರೆ ಓವರ್‌ಲೋಡ್ ಅಂತ ಯಾಕಿಷ್ಟು ಗಲಾಟೆ? ಸುಮ್ನೆ ಕೇಳುತ್ತಿಲ್ಲ. ವಾರ ವಾರ ಅದೇ ರಸ್ತೆ ಮೇಲೆ ಅವ್ವನನ್ನು ಕೂರಿಸಿಕೊಂಡು ಬರಬೇಕು.

—

ಮೆಕ್ಯಾನಿಕಲ್_ಮೇಷ್ಟ್ರು (ಬೆಳಗಾವಿ):

ಒಳ್ಳೆಯ ಪ್ರಶ್ನೆ. ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಡಿಕ್ಕಿಯಲ್ಲಿ ಮನುಷ್ಯನನ್ನು ಕೊಲ್ಲುವುದು ಅವನ ಗಾಡಿಯ ವೇಗ ಒಂದೇ ಕ್ಷಣದಲ್ಲಿ ಎಷ್ಟು ಬದಲಾಯಿತು ಅನ್ನುವುದು. ಈ ಬದಲಾವಣೆಯನ್ನು ಎರಡೂ ಗಾಡಿಗಳು ಸಮನಾಗಿ ಹಂಚಿಕೊಳ್ಳುವುದಿಲ್ಲ. ಹಗುರ ಇದ್ದದ್ದು ಜಾಸ್ತಿ ಅನುಭವಿಸುತ್ತದೆ. ಎರಡೂ ಕಡೆ 60 ಕಿ.ಮೀ. ವೇಗ ಅಂದುಕೊಳ್ಳಿ, ಎದುರುಬದುರು. ಒಂದು ಟನ್ನಿನ ಎರಡು ಕಾರುಗಳು ಬಡಿದರೆ ಇಬ್ಬರಿಗೂ 60ರಷ್ಟು ಬದಲಾವಣೆ, ಇದ್ದಲ್ಲೇ ನಿಲ್ಲುತ್ತಾರೆ. ಅದೇ ಒಂದು ಟನ್ ಕಾರಿಗೆ 28 ಟನ್ ಲಾರಿ ಬಡಿದರೆ ಕಾರಿನ ವೇಗ ಸುಮಾರು 116 ಕಿ.ಮೀ.ಯಷ್ಟು ಬದಲಾಗುತ್ತದೆ. ಅಂದರೆ ಕಾರು ನಿಲ್ಲುವುದಿಲ್ಲ, ಲಾರಿ ಜೊತೆ ಹಿಂದಕ್ಕೆ ಹೋಗುತ್ತದೆ. ಲಾರಿಗೆ ಬದಲಾವಣೆ 4 ಕಿ.ಮೀ. ಅಷ್ಟೇ. ಎಷ್ಟೋ ಸಲ ಲಾರಿ ಚಾಲಕ ಮೈಮೇಲೆ ಗಾಯ ಇಲ್ಲದೆ ಇಳಿದು ಬರುವುದು ಇದಕ್ಕೇ.

ಈಗ ನಿಮ್ಮ ಅಪ್ಪನ ಮಾತಿಗೆ ಬರೋಣ. ಒಂದು ಟನ್ ಬದಲು ಎರಡು ಟನ್ನಿನ ಕಾರು ತಗೊಂಡಿರಿ ಅಂತಿಟ್ಟುಕೊಳ್ಳಿ. 116 ಇದ್ದದ್ದು 112 ಆಗುತ್ತದೆ. ದುಪ್ಪಟ್ಟು ತೂಕದ ಗಾಡಿಗೆ ಸಿಕ್ಕಿದ್ದು 4 ಕಿ.ಮೀ. ಕಡಿಮೆ! ಲಾರಿ ಎದುರು ಅದು ಏನೂ ಅಲ್ಲ. ಆದರೆ ಕಾರಿಗೆ ಕಾರು ಬಡಿದಾಗ ಮಾತು ಬೇರೆ. ಅಲ್ಲಿ ಎರಡು ಟನ್ನಿನವರಿಗೆ 40, ಒಂದು ಟನ್ನಿನವರಿಗೆ 80. ನಿಮಗೆ ಉಳಿದದ್ದು ಎದುರಿನವರ ಮೇಲೆ ಹೋಯಿತು. ಅಮೆರಿಕದ ಆಂಡರ್ಸನ್ ಮತ್ತು ಔಫ್‌ಹಮರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2014ರಲ್ಲಿ ಇದರ ಬಗ್ಗೆ ಅಧ್ಯಯನ ಪ್ರಕಟಿಸಿದರು. ಬಡಿದ ಗಾಡಿ 1,000 ಪೌಂಡ್, ಅಂದರೆ ಸುಮಾರು 450 ಕಿಲೋ ಭಾರ ಹೆಚ್ಚಿದ್ದರೆ ಬಡಿಸಿಕೊಂಡವರು ಸಾಯುವ ಸಂಭವ ಶೇ. 47ರಷ್ಟು ಏರುತ್ತದೆ ಅಂತ ಅವರು ಕಂಡುಕೊಂಡರು. ಎಲ್ಲರೂ ಭಾರದ ಗಾಡಿ ತಗೊಳ್ಳುತ್ತಾ ಹೋದರೆ ಸಾಯುವವರು ಬೈಕಿನವರು, ಸಣ್ಣ ಕಾರಿನವರು. ಇದನ್ನೂ ಯೋಚಿಸಬೇಕು ಅಂತ ನನ್ನ ಕೋರಿಕೆ.

ಸ್ಟಾರ್ ರೇಟಿಂಗ್ ಬಗ್ಗೆ ಒಂದು ಮಾತು. ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ನಮ್ಮ ದೇಶದ ವ್ಯವಸ್ಥೆ, ಭಾರತ್ ಎನ್‌ಕ್ಯಾಪ್, 2023ರ ಅಕ್ಟೋಬರ್ 1ರಿಂದ ಶುರುವಾಗಿದೆ. ಎದುರು ಡಿಕ್ಕಿಯ ಪರೀಕ್ಷೆಯಲ್ಲಿ ಕಾರನ್ನು 64 ಕಿ.ಮೀ. ವೇಗದಲ್ಲಿ ಒಂದು ತಡೆಗೆ ಗುದ್ದಿಸುತ್ತಾರೆ. ಅದು ಹೆಚ್ಚುಕಡಿಮೆ ತನ್ನಷ್ಟೇ ತೂಕದ ಇನ್ನೊಂದು ಕಾರಿಗೆ ಬಡಿದ ಹಾಗೆ. ಲಾರಿ ಎದುರಿನ ಪರೀಕ್ಷೆ ಅದಲ್ಲ. ಐದು ಸ್ಟಾರ್ ಇದ್ದ ಕಾರೇ ತಗೊಳ್ಳಿ, ಖಂಡಿತ ತಗೊಳ್ಳಿ, ಕಾರಿಗೆ ಕಾರು, ಮರ, ಗೋಡೆ, ಇವೆಲ್ಲದರಲ್ಲಿ ಜೀವ ಉಳಿಸುತ್ತದೆ. ಆದರೆ ಅದನ್ನು ನಂಬಿಕೊಂಡು ಲಾರಿ ಎದುರು ಓವರ್‌ಟೇಕ್ ಮಾಡುವ ಧೈರ್ಯ ಬೇಡ.

ನೆಲಮಂಗಲದ್ದು ಬೇರೆಯೇ ಲೆಕ್ಕ. ಅಲ್ಲಿ ಲಾರಿ ಮೇಲೆ ಬಿತ್ತು. ಗಟ್ಟಿ ಕಾರಿನ ಛಾವಣಿ ಅಂದರೂ ತನ್ನ ತೂಕದ ಮೂರು ನಾಲ್ಕು ಪಟ್ಟು ತಡೆಯುವ ಹಾಗೆ ಮಾಡಿರುತ್ತಾರೆ. ಲೋಡ್ ಕಂಟೇನರ್ ತಡೆಯುವ ಕಾರು ಎಲ್ಲೂ ಇಲ್ಲ. ಅದನ್ನು ನೋಡಿ ಎಲ್ಲ ಕಾರೂ ಒಂದೇ ಅಂತ ತಮ್ಮ ಹೇಳಿದರೆ ಅದೂ ಸರಿಯಲ್ಲ.

ಎರಡನೇ ಪ್ರಶ್ನೆಗೆ ಲೆಕ್ಕದ ಉತ್ತರ: ಡಿಕ್ಕಿಯಾದ ಆ ಕ್ಷಣಕ್ಕೆ ಮಾತ್ರ ನೋಡಿದರೆ ನೀವು ಹೇಳಿದ್ದು ನಿಜ. 10 ಟನ್ನಿನ ಖಾಲಿ ಲಾರಿ ಬಡಿದರೆ ನಿಮ್ಮ ಒಂದು ಟನ್ ಕಾರಿಗೆ 109, 49 ಟನ್ನಿನದು ಬಡಿದರೆ 118ರ ಹತ್ತಿರ. ಖಾಲಿ ಲಾರಿಯೇ ಸಾಕು. ಓವರ್‌ಲೋಡಿನ ಕೆಡುಕು ಇರುವುದು ಬಡಿಯುವುದಕ್ಕೆ ಮೊದಲು, ಬ್ರೇಕ್ ಒತ್ತಿದಲ್ಲಿಂದ ಬಡಿಯುವ ತನಕ.

—

ಲಾರಿ_ಕಾಕಾ (ವಿಜಯಪುರ):

ಮೇಷ್ಟ್ರು ಹೇಳಿದ ಕೊನೇ ಮಾತು ನೂರಕ್ಕೆ ನೂರು ಸತ್ಯ. ನಾನು ಸ್ಟೇರಿಂಗ್ ಹಿಡಿದು ತಲೆ ಹಣ್ಣಾಗಿದೆ, ಉಳ್ಳಾಗಡ್ಡಿ, ಸಿಮೆಂಟ್, ಗ್ರಾನೈಟ್, ಎಲ್ಲ ಹೊಡೆದಿದ್ದೇನೆ. ಕೇಳು ತಮ್ಮಾ. ಲಾರಿಯ ಬ್ರೇಕ್ ಕಂಪನಿಯವರು ಒಂದು ತೂಕಕ್ಕೆ ಅಂತ ಮಾಡಿರುತ್ತಾರೆ. ಹತ್ತು ಗಾಲಿ ಗಾಡಿಗೆ ಮೊದಲು 25 ಟನ್ ಇತ್ತು, 2018ರಲ್ಲಿ ಕೇಂದ್ರದವರು 28.5ಕ್ಕೆ ಏರಿಸಿದರು. ಇದು ಗಾಡಿ, ಮಾಲು ಎರಡೂ ಸೇರಿ. ಟ್ರೇಲರ್ ಗಾಡಿಗೆ ಎಷ್ಟೇ ಗಾಲಿ ಇರಲಿ 55ರ ಮೇಲೆ ಹೋಗುವ ಹಾಗಿಲ್ಲ, ಟ್ರೇಲರ್ ಅಲ್ಲದ ಗಾಡಿಗೆ 49. ಇದರ ಮೇಲೆ ಹಾಕಿದ ಒಂದೊಂದು ಟನ್ನೂ ಬ್ರೇಕಿನ ಪಾಲಿಗೆ ಸಾಲ.

ನಿಪ್ಪಾಣಿ ಹತ್ತಿರ ತವಂದಿ ಘಾಟ್ ನೋಡಿದ್ದೀರಲ್ಲ. ಬೆಳಗಾವಿ ಕಡೆ ಬಂದರೆ ವಂಟಮೂರಿ ಘಾಟ್. ಇಂಥ ಇಳಿಜಾರಿನಲ್ಲಿ ಲೋಡ್ ಗಾಡಿ ಇಳಿಸುವಾಗ ಘಾಟ್ ಏರಿದ ಗೇರಿನಲ್ಲೇ ಇಳಿಸಬೇಕು ಅಂತ ನಮಗೆ ಕಲಿಸಿದ್ದರು. ಈಗ ಕೆಲವರು ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಟ್ಟುಬಿಡುತ್ತಾರೆ. ಆಗ ಇಡೀ ಭಾರ ಬ್ರೇಕಿನ ಮೇಲೆ. ಬ್ರೇಕಿನ ಡ್ರಮ್ ಬಿಸಿಯಾಗುತ್ತದೆ, ಬ್ರೇಕ್ ಲೈನರ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಎಷ್ಟು ತುಳಿದರೂ ಗಾಡಿ ಹಿಡಿಯುವುದಿಲ್ಲ. ಆ ಹೊತ್ತಿಗೆ ಮುಂದೆ ಯಾರಿದ್ದರೂ ಮುಗಿಯಿತು. ಪೇಪರಿನಲ್ಲಿ 'ಬ್ರೇಕ್ ಫೇಲ್' ಅಂತ ಬರೆಯುತ್ತಾರೆ. ಬ್ರೇಕ್ ತಾನಾಗಿ ಫೇಲ್ ಆಗುವುದು ಕಡಿಮೆ, ಫೇಲ್ ಆಗುವಷ್ಟು ಹೇರಿರುತ್ತಾರೆ.

ಇನ್ನು ಹೇರುವವರು ಯಾರು? ಎಲ್ಲರೂ ಡ್ರೈವರನನ್ನೇ ಬೈಯುತ್ತಾರೆ. ಬಾಡಿಗೆ ಟನ್ ಲೆಕ್ಕದಲ್ಲಿ ಕೊಡುತ್ತಾರೆ. ಡೀಸೆಲ್, ಟೋಲ್, ಟೈರ್, ಕಂತು ಎಲ್ಲ ಹೋಗಿ ಮಾಲೀಕನಿಗೆ ಉಳಿಯುವುದು ಕೊನೆಯ ಕೆಲವು ಟನ್ನಿನಲ್ಲಿ ಮಾತ್ರ. ಹೇರುವವನಿಗೆ ಗಾಡಿ ಕಡಿಮೆ ಬೇಕು, ಮಾಲೀಕನಿಗೆ ಬಾಡಿಗೆ ಜಾಸ್ತಿ ಬೇಕು. ನಾನು ಒಲ್ಲೆ ಅಂದರೆ ನನ್ನ ಹಿಂದೆ ಇನ್ನೊಬ್ಬ ನಿಂತಿರುತ್ತಾನೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಓವರ್‌ಲೋಡ್ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000 ಅಂತ ಮಾಡಿದರು. ಮೊದಲು 2,000 ಮತ್ತು ಟನ್ನಿಗೆ 1,000 ಇತ್ತು. ಕಾಯ್ದೆ ಓದಿದರೆ ಓಡಿಸಿದವನಷ್ಟೇ ಅಲ್ಲ, ಓಡಿಸಲು ಹಚ್ಚಿದವನೂ ಹೊಣೆ ಅಂತ ಇದೆ. ಹೆಚ್ಚಿನ ಮಾಲು ಇಳಿಸದೆ ಗಾಡಿ ಬಿಡುವ ಹಾಗೂ ಇಲ್ಲ. ದಂಡ ಕಟ್ಟಿಸಿಕೊಂಡು ಅದೇ ಲೋಡಿನ ಜೊತೆ ಮುಂದೆ ಕಳಿಸಿದರೆ ಆ ದಂಡದಿಂದ ಯಾರ ಜೀವ ಉಳಿಯಿತು ಹೇಳಿ? ಮಾಲು ಅಲ್ಲೇ ಇಳಿಸಬೇಕು. ಅದೊಂದು ಆದರೆ ಉಳಿದದ್ದೆಲ್ಲ ತಾನೇ ಸರಿಹೋಗುತ್ತದೆ.

—

ಘಟಪ್ರಭಾ_ದಂಡೆ (ಮುಧೋಳ):

ಕಾಕಾ, ಮೇಷ್ಟ್ರೇ, ಇಬ್ಬರಿಗೂ ಧನ್ಯವಾದ. ಅಪ್ಪನಿಗೆ 116 ಮತ್ತು 112ರ ಲೆಕ್ಕ ಓದಿ ಹೇಳಿದೆ, ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಓವರ್‌ಲೋಡ್ ಆದರೆ ಬ್ರೇಕಿನಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ, ಅದಕ್ಕೂ ಹೀಗೇ ಒಂದು ಲೆಕ್ಕ ಕೊಡಲು ಆಗುತ್ತದಾ?

—

ಮೆಕ್ಯಾನಿಕಲ್_ಮೇಷ್ಟ್ರು (ಬೆಳಗಾವಿ):

ಆಗುತ್ತದೆ. 28 ಟನ್ನಿಗೆ ಮಾಡಿದ ಬ್ರೇಕ್, ವೇಗ 80 ಕಿ.ಮೀ. ಎಲ್ಲ ಸರಿ ಇದ್ದರೆ ಬ್ರೇಕ್ ಹಿಡಿದಲ್ಲಿಂದ ಸುಮಾರು 50 ಮೀಟರ್‌ನಲ್ಲಿ ಗಾಡಿ ನಿಲ್ಲುತ್ತದೆ ಅಂದುಕೊಳ್ಳೋಣ. ಅದೇ ಗಾಡಿಗೆ 40 ಟನ್ ಆಗುವಷ್ಟು ಹೇರಿ, ಬ್ರೇಕಿನ ಶಕ್ತಿ ಅಷ್ಟೇ ಇದ್ದರೆ, ನಿಲ್ಲಲು 70 ಮೀಟರ್ ಬೇಕು. ಬರೀ 20 ಮೀಟರ್ ಅಂತ ಅನಿಸಬಹುದು. ಆದರೆ ಸರಿಯಾದ ಲೋಡಿನ ಗಾಡಿ ಪೂರ್ತಿ ನಿಂತುಬಿಟ್ಟ ಆ ಜಾಗದಲ್ಲಿ ಈ ಗಾಡಿ ಇನ್ನೂ ಸುಮಾರು 44 ಕಿ.ಮೀ. ವೇಗದಲ್ಲಿರುತ್ತದೆ. ಅಲ್ಲಿ ಒಬ್ಬ ಸೈಕಲ್ ತುಳಿಯುವ ಹುಡುಗ ಇದ್ದಾನೆ ಅಂತಿಟ್ಟುಕೊಳ್ಳಿ. ಒಂದು ಗಾಡಿ ಅವನ ಮುಂದೆ ಬಂದು ನಿಲ್ಲುತ್ತದೆ, ಇನ್ನೊಂದು ಅವನನ್ನು 44ರಲ್ಲಿ ಬಡಿಯುತ್ತದೆ. ಹನ್ನೆರಡು ಟನ್ನಿನ ಬೆಲೆ ಅದು. ಡ್ರಮ್ ಕಾದಿದ್ದರೆ ಇನ್ನೂ ಕೆಟ್ಟದ್ದು, ಮೇಲೆ ಹಾಕಿದ ಲೆಕ್ಕದಲ್ಲಿ ಬಿಸಿ ಸೇರಿಲ್ಲ.

ಇನ್ನೊಂದು, ಉರುಳುವುದು. ಕಾರು ತಿರುವಿನಲ್ಲಿ ವೇಗ ಜಾಸ್ತಿಯಾದರೆ ಸಾಮಾನ್ಯವಾಗಿ ಜಾರುತ್ತದೆ. ಎತ್ತರಕ್ಕೆ ಹೇರಿದ ಲಾರಿ ಜಾರುವ ಮೊದಲೇ ಪಲ್ಟಿ ಹೊಡೆಯುತ್ತದೆ, ಕಾರು ತಡೆಯುವುದರ ಅರ್ಧದಷ್ಟು ಪಕ್ಕದ ಎಳೆತವೂ ಬೇಕಾಗಿಲ್ಲ. ಕಬ್ಬು, ಹತ್ತಿ, ಹೊಟ್ಟು ಇಂಥ ಎತ್ತರದ ಲೋಡಿನ ಪಕ್ಕ ತಿರುವಿನಲ್ಲಿ ಗಾಡಿ ಜೋಡಿಸಿಕೊಂಡು ಹೋಗಲೇಬೇಡಿ.

ರಸ್ತೆ ಬಗ್ಗೆಯೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಅಲ್ಲಿನ ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘ (ಎಎಎಸ್‌ಎಚ್‌ಒ) 1950ರ ದಶಕದ ಕೊನೆಗೆ ನಡೆಸಿದ ರಸ್ತೆ ಪರೀಕ್ಷೆಯಿಂದ ಒಂದು ನಿಯಮ ಬಂತು. ಆಕ್ಸಲ್ ಭಾರ, ಅಂದರೆ ಒಂದು ಅಚ್ಚಿನ ಗಾಲಿಗಳ ಮೇಲೆ ಬೀಳುವ ತೂಕ, ಶೇ. 20 ಹೆಚ್ಚಾದರೆ ರಸ್ತೆ ಹಾಳಾಗುವುದು ಸುಮಾರು ಎರಡು ಪಟ್ಟು. ನಮ್ಮ ಕಡೆಯ ಗುಂಡಿಗಳು ಮಳೆಯಿಂದಷ್ಟೇ ಆದವಲ್ಲ. ಆ ಗುಂಡಿ ತಪ್ಪಿಸಲು ಹೋಗಿ ಬೈಕಿನವರು ಲಾರಿ ಗಾಲಿಗೆ ಸಿಗುತ್ತಾರೆ.

—

ಕ್ಯಾಜುಯಲ್ಟಿ_ಸಿಸ್ಟರ್ (ವಿಜಯಪುರ):

ಎಲ್ಲರೂ ಕಾರಿನ ಲೆಕ್ಕ ಮಾಡುತ್ತಿದ್ದೀರಿ. ನಮ್ಮಲ್ಲಿಗೆ ರಾತ್ರಿ ಬರುವವರು ಜಾಸ್ತಿ ಬೈಕಿನವರು. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491 ಜನ, ಅದರಲ್ಲಿ ನೂರಕ್ಕೆ 44 ಜನ ಬೈಕ್, ಸ್ಕೂಟರಿನವರು. ಅವರಿಗೆ 28 ಟನ್ ಬೇಡ, ಒಂದು ಪಿಕಪ್ ಸಾಕು.

ಲಾರಿ ಕೇಸಿನಲ್ಲಿ ನಾನು ಹೆಚ್ಚು ನೋಡುವುದು ಎರಡು ಥರ. ಒಂದು, ಪಕ್ಕದಿಂದ ಗಾಲಿಯ ಅಡಿ ಹೋದವರು. ಲಾರಿಯ ಮುಂದಿನ ಗಾಲಿ, ಹಿಂದಿನ ಗಾಲಿ ನಡುವೆ ಖಾಲಿ ಜಾಗ ಇರುತ್ತದಲ್ಲ, ಅಲ್ಲಿ ಅಡ್ಡಪಟ್ಟಿ ಇರಬೇಕು. ಎಷ್ಟೋ ಗಾಡಿಯಲ್ಲಿ ಮುರಿದಿರುತ್ತದೆ ಇಲ್ಲಾ ಬಿಚ್ಚಿ ಇಟ್ಟಿರುತ್ತಾರೆ. ಲಾರಿ ಎಡಕ್ಕೆ ತಿರುಗುವಾಗ ಒಳಗಡೆ ಸಂದಿಯಲ್ಲಿ ಹೋದ ಬೈಕು ನೇರ ಹಿಂದಿನ ಗಾಲಿಗೆ. ಇನ್ನೊಂದು, ನಿಂತ ಗಾಡಿಯ ಹಿಂದೆ ಹೋಗಿ ಗುದ್ದಿದವರು. ಅವರಿಗೆ ಕೈಕಾಲಿನ ಗಾಯ ಅಷ್ಟಿರುವುದಿಲ್ಲ. ತಲೆ, ಮುಖ, ಕುತ್ತಿಗೆ. ವಯಸ್ಸು ನೋಡಿದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಹೆಲ್ಮೆಟ್ಟಿನ ಬೆಲ್ಟ್ ಹಾಕಿಕೊಳ್ಳಿ, ತಲೆ ಮೇಲೆ ಇಟ್ಟುಕೊಂಡರೆ ಆಗುವುದಿಲ್ಲ. ಹಂಗಾಮಿನಲ್ಲಿ ರಾತ್ರಿ ಬೈಕ್ ಮೇಲೆ ಹಳ್ಳಿಯಿಂದ ಹಳ್ಳಿಗೆ ಹೋಗುವುದನ್ನೂ ಆದಷ್ಟು ಬಿಡಿ.

—

ಕಬ್ಬಿನ_ಮನೆ (ಅಥಣಿ):

ಸಿಸ್ಟರ್ ಹೇಳಿದ 'ನಿಂತ ಗಾಡಿ' ಅಂದರೆ ಬಹಳ ಸಲ ನಮ್ಮ ಟ್ರ್ಯಾಕ್ಟರೇ, ಗೊತ್ತು. ಆದರೆ ನಮ್ಮದೂ ಸ್ವಲ್ಪ ಕೇಳಿ. ಕಟಾವಿನ ಗ್ಯಾಂಗು ಬಂದ ದಿನ ಕಬ್ಬು ಕಡಿಯಲೇಬೇಕು, ಕಡಿದ ಮೇಲೆ ಬಿಸಿಲಿಗೆ ತೂಕ ಇಳಿಯುತ್ತದೆ. ಟ್ರ್ಯಾಕ್ಟರಿನವನಿಗೆ ಟನ್ನಿನ ಮೇಲೆ ಬಾಡಿಗೆ, ಕಾರ್ಖಾನೆ ಮುಂದೆ ಪಾಳಿ ಉದ್ದ. ಹಾಗಾಗಿ ಒಂದು ಡಬ್ಬಿ ಬದಲು ಎರಡು, ಒಂದೊಂದರಲ್ಲೂ ಮೇಲೆ ಮೇಲೆ ಹೇರುತ್ತಾರೆ. ಎಲ್ಲ ಸೇರಿ ಹದಿನೈದು ಇಪ್ಪತ್ತು ಟನ್. ಎಳೆಯುವ ಟ್ರ್ಯಾಕ್ಟರ್ ತೂಕ ಎರಡು ಎರಡೂವರೆ ಟನ್.

ಮತ್ತೆ ಡಬ್ಬಿಗೆ ಬ್ರೇಕ್ ಇರುವುದಿಲ್ಲ. ಇದು ಊರಿಗೆಲ್ಲ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇರುವ ಬ್ರೇಕ್ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗೆ ಮಾತ್ರ. ಇಳಿಜಾರಿನಲ್ಲಿ ಹಿಂದಿನ ಡಬ್ಬಿ ಟ್ರ್ಯಾಕ್ಟರನ್ನೇ ತಳ್ಳಿಕೊಂಡು ಬರುತ್ತದೆ, ಏರಿನಲ್ಲಿ ಮುಂದಿನ ಗಾಲಿ ಎದ್ದು ಸ್ಟೇರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಮೇಷ್ಟ್ರ ಲೆಕ್ಕ ಲಾರಿಗಿಂತ ನಮ್ಮ ಟ್ರ್ಯಾಕ್ಟರಿಗೇ ಹೆಚ್ಚು ಹೊಂದುತ್ತದೆ ಅನಿಸುತ್ತದೆ. ಲಾರಿಗೆ ಕಾಟಾ (ತೂಕದ ಸೇತುವೆ), ಆರ್‌ಟಿಒ ಎಲ್ಲ ಇದೆ. ಕಾರ್ಖಾನೆ ಗೇಟಿನಲ್ಲೂ ಪ್ರತಿ ಡಬ್ಬಿಯ ತೂಕ ಆಗುತ್ತದೆ, ಚೀಟಿ ಬರುತ್ತದೆ. ಹೆಚ್ಚು ಹೇರಿ ತಂದದ್ದು ಅಲ್ಲೇ ಕಾಣುತ್ತದೆ. ತೂಕ ಮೀರಿದ ಗಾಡಿಗೆ ಮುಂದಿನ ಸಲ ಪಾಳಿ ಇಲ್ಲ ಅಂತ ಕಾರ್ಖಾನೆಯವರು ಒಂದು ವಾರ ಗಟ್ಟಿಯಾಗಿ ನಿಂತರೆ ಎಲ್ಲರೂ ಕಡಿಮೆ ಹೇರುತ್ತಾರೆ. ರೈತನನ್ನು ರಸ್ತೆ ಮೇಲೆ ಹಿಡಿದು ಬೈಯುವುದಕ್ಕಿಂತ ಅದು ಸುಲಭ ಅಲ್ವಾ?

—

ಲಾರಿ_ಕಾಕಾ (ವಿಜಯಪುರ):

ಅಕ್ಕಾ ಅಣ್ಣಾ ಯಾರೋ ಗೊತ್ತಿಲ್ಲ, ಮಾತು ಸರಿ ಇದೆ. ಆದರೆ ಒಂದು ಸಿಟ್ಟಿನ ಮಾತು ಹೇಳಲೇಬೇಕು. ಪಂಕ್ಚರ್ ಆದ ಡಬ್ಬಿಯನ್ನು ಡಾಂಬರ್ ಮೇಲೆಯೇ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು ಊರಿಗೆ ಹೋಗುತ್ತಾರೆ. ದೀಪ ಇಲ್ಲ, ಏನಿಲ್ಲ. ಮರುದಿನ ಡಬ್ಬಿ ಒಯ್ಯುತ್ತಾರೆ, ಕಲ್ಲು ಅಲ್ಲೇ. ರಾತ್ರಿ ಎದುರಿನ ಗಾಡಿಯ ಬೆಳಕು ಕಣ್ಣಿಗೆ ಬಿದ್ದಾಗ ಕಬ್ಬಿನ ಹಿಂಭಾಗ ಕಪ್ಪಗೆ ಕತ್ತಲಲ್ಲೇ ಸೇರಿಹೋಗುತ್ತದೆ. ಇಷ್ಟು ವರ್ಷದ ಅನುಭವ ಇದ್ದ ನಮಗೇ ಕಾಣುವುದಿಲ್ಲ.

—

ಮೆಕ್ಯಾನಿಕಲ್_ಮೇಷ್ಟ್ರು (ಬೆಳಗಾವಿ):

ಅದಕ್ಕೂ ಲೆಕ್ಕ ಇದೆ. ಡಿಮ್ ಬೆಳಕು ಸರಿಯಾಗಿ ತೋರಿಸುವುದು 40-50 ಮೀಟರ್. 80ರಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಂಡು, ತಿಳಿದು, ಬ್ರೇಕಿಗೆ ಕಾಲು ಇಡಲು ಒಂದೂವರೆ ಸೆಕೆಂಡ್ ಹಿಡಿದರೂ 33 ಮೀಟರ್ ಆಯಿತು. ಉಳಿದ ಜಾಗದಲ್ಲಿ ನಿಲ್ಲುವುದು ಆಗದ ಮಾತು. ಆ ದಾರಿಯಲ್ಲಿ ರಾತ್ರಿ 50ರ ಮೇಲೆ ಹೋಗಬೇಡಿ ಅಂತ ನಾನು ಹೇಳುವುದು ಇದಕ್ಕೆ.

ಹಿಂದಿನಿಂದ ಗುದ್ದಿದಾಗ ತೂಕಕ್ಕಿಂತ ಎತ್ತರ ಕೊಲ್ಲುತ್ತದೆ. ಕಾರಿನ ಮುಂಭಾಗ ನಜ್ಜುಗುಜ್ಜಾಗಿ ಪೆಟ್ಟು ಹೀರಿಕೊಳ್ಳಲಿ ಅಂತಲೇ ಮಾಡಿರುತ್ತಾರೆ. ಆದರೆ ಲಾರಿಯ ಬಾಡಿ ಬಾನೆಟ್ಟಿಗಿಂತ ಮೇಲಿದ್ದರೆ ಬಾನೆಟ್ ಅಡಿಗೆ ನುಗ್ಗುತ್ತದೆ, ಮೊದಲು ಬಡಿಯುವುದು ಗಾಜು, ಆಮೇಲೆ ತಲೆ. ಏರ್‌ಬ್ಯಾಗ್ ಸಕಾಲಕ್ಕೆ ಬಿಚ್ಚದೆಯೂ ಇರಬಹುದು. ಐದು ಸ್ಟಾರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 1967ರಲ್ಲಿ ಅಮೆರಿಕದ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಸತ್ತದ್ದು ಹೀಗೇ, ಕಾರು ಟ್ರೇಲರಿನ ಹಿಂಭಾಗದ ಅಡಿ ಹೋಗಿ. ಲಾರಿ ಹಿಂದೆ ಕೆಳಗೆ ಹಾಕುವ ಅಡ್ಡ ಕಂಬಿಗೆ ಅಲ್ಲಿ ಈಗಲೂ ಮ್ಯಾನ್ಸ್‌ಫೀಲ್ಡ್ ಬಾರ್ ಅನ್ನುತ್ತಾರೆ. ನಮ್ಮಲ್ಲೂ ಆ ಕಂಬಿ ಕಡ್ಡಾಯ, ಐಎಸ್ 14812 ಅಂತ ಅದಕ್ಕೆ ಮಾನದಂಡವೂ ಇದೆ. ತುಕ್ಕು ಹಿಡಿದು ತಂತಿಯಲ್ಲಿ ಕಟ್ಟಿದ ಕಂಬಿ ಯಾವ ಕಾರನ್ನೂ ತಡೆಯುವುದಿಲ್ಲ. ಟ್ರ್ಯಾಕ್ಟರ್ ಡಬ್ಬಿಗೆ ಅಂತೂ ಅದನ್ನು ಹಾಕಿದ್ದು ನಾನು ಕಂಡಿಲ್ಲ.

ಒಂದು ಅಂಕಿ ನೋಡಿ. ಅಮೆರಿಕದಲ್ಲಿ ದೊಡ್ಡ ಲಾರಿಗಳ ಅಪಘಾತದಲ್ಲಿ ಸಾಯುವವರಲ್ಲಿ ಲಾರಿಯೊಳಗಿದ್ದವರು ಸುಮಾರು ಆರರಲ್ಲಿ ಒಬ್ಬರು. ಉಳಿದವರೆಲ್ಲ ಕಾರಿನವರು, ಬೈಕಿನವರು, ನಡೆದು ಹೋಗುವವರು. ಹೇರುವ ನಿರ್ಧಾರ ಒಬ್ಬರದು, ಸಾವು ಇನ್ನೊಬ್ಬರದು. ಇದೇ ನನಗೆ ಸಹಿಸಲಾಗದ ವಿಷಯ.

—

ಘಟಪ್ರಭಾ_ದಂಡೆ (ಮುಧೋಳ):

ಮಧ್ಯಮ ತೂಕದ್ದು, ಐದು ಸ್ಟಾರ್ ಇದ್ದದ್ದು ತಗೊಳ್ಳುವುದು ಅಂತ ಮನೆಯಲ್ಲಿ ಮಾತಾಯಿತು. ಉಳಿದ ದುಡ್ಡಿನಲ್ಲಿ ಹಂಗಾಮು ಮುಗಿಯುವ ತನಕ ಚಿಕಿತ್ಸೆಯ ದಿನ ರಾತ್ರಿ ಬೆಳಗಾವಿಯಲ್ಲೇ ಉಳಿದು ಬೆಳಿಗ್ಗೆ ಹೊರಡುತ್ತೇವೆ. ಅಪ್ಪನೂ ಒಪ್ಪಿದರು.

—

ಕಬ್ಬಿನ_ಮನೆ (ಅಥಣಿ):

ಕಾಕಾ, ನಮ್ಮ ಡಬ್ಬಿಗಳಿಗೆ ಈ ವಾರವೇ ರೇಡಿಯಂ ಪಟ್ಟಿ ಹಚ್ಚಿಸುತ್ತೇನೆ. ಯಾವ ಬಣ್ಣ, ಎಲ್ಲಿ ಹಚ್ಚಬೇಕು ಹೇಳಿ. ಹೋದ ವರ್ಷ ಹಚ್ಚಿದ್ದು ಕಬ್ಬಿನ ಸೋಗೆ ತಾಗಿ ಕಿತ್ತುಹೋಯಿತು.

—

ಲಾರಿ_ಕಾಕಾ (ವಿಜಯಪುರ):

ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಹಿಂದಿನದನ್ನು ಮೇಲೆ ಹಚ್ಚಬೇಡಿ, ಕಬ್ಬು ಇಳಿಬಿದ್ದು ಮುಚ್ಚುತ್ತದೆ. ಎಲ್ಲಕ್ಕಿಂತ ಕೆಳಗಿನ ಕಬ್ಬಿಣದ ಪಟ್ಟಿಗೆ, ಆ ಅಂಚಿನಿಂದ ಈ ಅಂಚಿನ ತನಕ ಉದ್ದಕ್ಕೂ ಹಚ್ಚಿ. ಆಗ ಹಿಂದೆ ಬರುವವನಿಗೆ ಡಬ್ಬಿ ಎಷ್ಟು ಅಗಲ ಇದೆ ಅಂತ ತಿಳಿಯುತ್ತದೆ. ಮೊದಲು ತಗಡು ತಿಕ್ಕಿ ಮಣ್ಣು, ಎಣ್ಣೆ ತೆಗೆದು ಒಣಗಿಸಿ, ಇಲ್ಲದಿದ್ದರೆ ಅಂಟುವುದಿಲ್ಲ. ಅಗ್ಗದ ಪ್ಲಾಸ್ಟಿಕ್ ಸ್ಟಿಕ್ಕರ್ ಬೇಡ, ಲಾರಿಗೆ ಹಚ್ಚುವ ದಪ್ಪ ಟೇಪ್ ಕೇಳಿ ತಗೊಳ್ಳಿ. ಹಿಂದಿನ ಡಬ್ಬಿಗೂ ಹಚ್ಚಿ, ಮುಂದಿನದಕ್ಕೂ ಹಚ್ಚಿ, ಕಾರ್ಖಾನೆಯಲ್ಲಿ ಅದಲುಬದಲಾಗುತ್ತವೆ.